ಬನ್ನಿ ಯಾವ ಮರ? ಹೆಸರಿಗೂ ಒಂದು ಸರ್ವೆ ನಂಬರ್ ಬೇಕು

ದಸರೆ ಹತ್ತಿರ ಬಂದಾಗ ಪುಣೆಯ ಮಂಡೈ ಮಾರುಕಟ್ಟೆಯ ಸುತ್ತ ಚೆಂಡುಹೂವಿನ ರಾಶಿ ಬೀಳುತ್ತದೆ. ಅದರ ಪಕ್ಕದಲ್ಲೇ ಹಸಿರೆಲೆಯ ಕಟ್ಟುಗಳು. ನಡುವೆ ಸೀಳಿ ಎರಡು ಹೋಳು ಮಾಡಿದಂಥ ಎಲೆ. ಮರಾಠಿಯಲ್ಲಿ ಇದು ಆಪಟಾ. ವಿಜಯದಶಮಿಯ ಸಂಜೆ ಇದನ್ನೇ ಬಂಗಾರ ಎಂದು ಹಂಚುತ್ತಾರೆ. ಕೋಥ್ರೂಡಿನ ನಮ್ಮ ಕಟ್ಟಡದಲ್ಲಿ ಆರೇಳು ಕನ್ನಡ ಮನೆಗಳಿವೆ. ಮೇಲಿನ ಮನೆಯ ಕಾಕೂ ವಿಜಯಪುರ ಕಡೆಯವರು. ಅವರೂ ಇದೇ ಎಲೆಯನ್ನು ಕೈಗೆ ಕೊಡುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ, ತಮ್ಮಾ" ಎನ್ನುತ್ತಾರೆ.

ಆದರೆ ವಿಜಯಪುರದ ಬನ್ನಿ ಈ ಮರವಲ್ಲ. ಅದು ಮುಳ್ಳಿನ ಮರ. ಎಲೆ ತೀರಾ ಸಣ್ಣದು. ಪಾಂಡವರು ಆಯುಧ ಬಚ್ಚಿಟ್ಟರು ಅಂತ ನಾವೆಲ್ಲ ಕೇಳಿದ ಶಮಿ ಅದೇ. ವಿಜ್ಞಾನದಲ್ಲಿ ಪ್ರೊಸಾಪಿಸ್ ಸಿನರೇರಿಯಾ. ಆಪಟಾ ಬೌಹಿನಿಯಾ ರೆಸಿಮೋಸಾ, ನಮ್ಮ ಮಂದಾರದ ಬಳಗದ್ದು. ಕರ್ನಾಟಕದ ಇನ್ನು ಕೆಲವು ಕಡೆ ಜಾಲಿಯ ಬಳಗದ ಬೇರೊಂದು ಮರಕ್ಕೂ ಬನ್ನಿ ಅಂತಲೇ ಹೆಸರು. ಅಂದರೆ ಒಂದು ಹೆಸರು, ಮೂರು ಮರ. ಕಾಕೂ ಹೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಊರು ಬಿಟ್ಟು ಬಂದವರು ಹಬ್ಬವನ್ನೂ ಹೆಸರನ್ನೂ ಜೊತೆಗೇ ತಂದರು. ಮರ ಮಾತ್ರ ಅಲ್ಲೇ ಉಳಿಯಿತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. ಅದಕ್ಕೇ ಅಲ್ವಾ ವೈಜ್ಞಾನಿಕ ಹೆಸರು ಇರುವುದು? ಅದನ್ನು ಹಾಕಿದರೆ ಗೊಂದಲ ಮುಗಿಯಿತು. ನಾನೂ ಹಾಗೇ ನಂಬಿದ್ದೆ. ಕೆಲವು ವರ್ಷದಿಂದ ರಜಾದಿನಗಳಲ್ಲಿ ಗೆಳೆಯರ ಜೊತೆ ಸೇರಿ ಪುಣೆಯ ಗಿಡಮರಗಳ ಹಳೆಯ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡುತ್ತಿದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ. ಆ ಕೆಲಸದ ಬುದ್ಧಿಯೂ ಈ ಆಸಕ್ತಿಯೂ ಸೇರಿದಾಗ ಒಂದು ವಿಷಯ ಅರ್ಥವಾಯಿತು. ವೈಜ್ಞಾನಿಕ ಹೆಸರೂ ನಿಂತ ನೀರಲ್ಲ. ಅದೂ ಹರಿಯುತ್ತದೆ, ಕವಲೊಡೆಯುತ್ತದೆ. ಅಂಥ ಹೆಸರುಗಳನ್ನು ವೆಬ್‌ನಲ್ಲಿ ಹೇಗೆ ಇಡಬೇಕು ಎಂಬ ಪ್ರಶ್ನೆಗೆ ಜಗತ್ತಿನ ಜೀವವಿಜ್ಞಾನಿಗಳೂ ಕಂಪ್ಯೂಟರ್ ಮಂದಿಯೂ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಉತ್ತರ ಹುಡುಕುತ್ತಿದ್ದಾರೆ. ಅದರ ಬಿಸಿ ನಮ್ಮ ಬನ್ನಿಗೂ ಕಾಳಿಂಗ ಸರ್ಪಕ್ಕೂ ತಟ್ಟಿದೆ.

ಮೊದಲು ಬನ್ನಿಯನ್ನೇ ನೋಡೋಣ. ಗಿಡಗಳಿಗೆ ಎರಡು ಪದದ ಹೆಸರಿಡುವ ಈಗಿನ ಪದ್ಧತಿ ಶುರುವಾಗುವುದು 1753ರಿಂದ. ಮೊದಲ ಪದ ಕುಲದ್ದು, ಎರಡೂ ಸೇರಿದರೆ ಜಾತಿಯ ಹೆಸರು. ಪ್ರಾಣಿಗಳಿಗೆ 1758ರಿಂದ. ಎರಡೂ ಸ್ವೀಡನ್ನಿನ ಲಿನಿಯಸ್ ಅವರ ಪುಸ್ತಕಗಳ ವರ್ಷ. ಆ ಲಿನಿಯಸ್ ಒಬ್ಬರೇ ಈ ಮರಕ್ಕೆ ಎರಡು ಕಡೆ ಎರಡು ಹೆಸರು ಕೊಟ್ಟರು. ಒಂದು ಮಿಮೋಸಾ ಸಿನರೇರಿಯಾ, ಇನ್ನೊಂದು ಪ್ರೊಸಾಪಿಸ್ ಸ್ಪೈಸಿಜೆರಾ. ಭಾರತದ ಹಳೆಯ ಸಸ್ಯಗ್ರಂಥಗಳಲ್ಲಿ ಜಾಸ್ತಿ ಸಿಗುವುದು ಸ್ಪೈಸಿಜೆರಾ. 1914ರಲ್ಲಿ ಡ್ರೂಸ್ ಎಂಬುವರು ಎರಡನ್ನೂ ಹೊಂದಿಸಿ ಪ್ರೊಸಾಪಿಸ್ ಸಿನರೇರಿಯಾ ಎಂದರು. ಈಗ ಚಾಲ್ತಿಯಲ್ಲಿರುವುದು ಅದು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಉತ್ತರ ಕರ್ನಾಟಕದ ಹೊಲದ ಬದುಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯೂ ಪ್ರೊಸಾಪಿಸ್ ಕುಲದ್ದೇ ಆಗಿತ್ತು. ಅದರ ಹೆಸರು ಪ್ರೊಸಾಪಿಸ್ ಜೂಲಿಫ್ಲೋರಾ. ಅಮೆರಿಕ ಖಂಡದಿಂದ ಬಂದ ಮರ. ಮರಾಠಿಯವರು ವೇಡಿ ಬಾಭೂಳ ಎನ್ನುತ್ತಾರೆ. ವೇಡಿ ಅಂದರೆ ಹುಚ್ಚು. 2022ರಲ್ಲಿ ಸಸ್ಯವಿಜ್ಞಾನಿಗಳು ಪ್ರೊಸಾಪಿಸ್ ಕುಲವನ್ನೇ ಒಡೆದರು. ಅಮೆರಿಕದ ಬಹುಪಾಲು ಜಾತಿಗಳು ನೆಲ್ಟುಮಾ ಎಂಬ ಕುಲಕ್ಕೆ ಹೋದವು. ಹಾಗಾಗಿ ಬಳ್ಳಾರಿ ಜಾಲಿ ಈಗ ನೆಲ್ಟುಮಾ ಜೂಲಿಫ್ಲೋರಾ. ಬನ್ನಿ ಪ್ರೊಸಾಪಿಸ್‌ನಲ್ಲೇ ಉಳಿಯಿತು. ಈಗ ಹಳೆಯ ಪಟ್ಟಿಯೊಂದರಲ್ಲಿ ಬರೀ "ಪ್ರೊಸಾಪಿಸ್" ಅಂತ ಬರೆದಿದ್ದರೆ ಏನು ತಿಳಿಯಬೇಕು? ಪೂಜೆ ಮಾಡುವ ಮರವೋ, ಕಡಿದಷ್ಟೂ ಚಿಗುರುವ ಮುಳ್ಳುಕಂಟಿಯೋ?

ಕರಿಜಾಲಿಗೂ ಇದೇ ಆಯಿತು. ಅಕೇಶಿಯಾ ಎಂಬ ಕುಲನಾಮ ಯಾರಿಗೆ ಸೇರಬೇಕು ಅಂತ ದೊಡ್ಡ ಜಗಳವೇ ನಡೆಯಿತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳ ಮಹಾಸಭೆ ಆ ಹೆಸರನ್ನು ಆಸ್ಟ್ರೇಲಿಯಾದ ಮರಗಳ ಗುಂಪಿಗೆ ಬಿಟ್ಟಿತು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಖಾಯಂ ಆಯಿತು. ನಮ್ಮ ಕರಿಜಾಲಿ ಅಕೇಶಿಯಾ ನೈಲೋಟಿಕಾ ಇದ್ದದ್ದು ವಾಚೆಲಿಯಾ ನೈಲೋಟಿಕಾ ಆಯಿತು. ಕಾಚು ತೆಗೆಯುವ ಮರ ಸೆನೆಗಾಲಿಯಾ ಕಟೆಚು ಆಯಿತು. ಮರಗಳು ನಿಂತಲ್ಲೇ ನಿಂತಿವೆ.

ಇದರ ಉಲ್ಟಾ ತೊಂದರೆಯೂ ಇದೆ. ಗಿಡಗಳ ಹೆಸರಿಗೆ ಒಂದು ನಿಯಮಾವಳಿ, ಪ್ರಾಣಿಗಳ ಹೆಸರಿಗೆ ಇನ್ನೊಂದು. ಒಂದರಲ್ಲಿ ಇರುವ ಹೆಸರನ್ನು ಇನ್ನೊಂದರಲ್ಲಿ ಇಡಬಾರದು ಅಂತೇನಿಲ್ಲ. ಹಾಗಾಗಿ ಮೋರಸ್ ಅಂದರೆ ನಮ್ಮ ರೇಷ್ಮೆ ಸೀಮೆಯ ಹಿಪ್ಪುನೇರಳೆ. ಮೋರಸ್ ಅಂದರೆ ಗ್ಯಾನೆಟ್ ಎಂಬ ದೊಡ್ಡ ಕಡಲ ಹಕ್ಕಿಯೂ ಹೌದು. ಫೈಕಸ್ ಅಂದರೆ ಆಲ, ಅರಳಿ, ಅತ್ತಿ. ಅದೇ ಫೈಕಸ್ ಒಂದು ಕಡಲ ಶಂಖದ ಹುಳದ ಕುಲವೂ ಹೌದು. ಓದುವ ಮನುಷ್ಯನಿಗೆ ಇದರಿಂದ ಕಷ್ಟವಿಲ್ಲ. ಸಂದರ್ಭ ನೋಡಿ ತಿಳಿಯುತ್ತಾನೆ. ಕಂಪ್ಯೂಟರಿಗೆ ಸಂದರ್ಭ ಗೊತ್ತಿಲ್ಲ. ಅದು ನೋಡುವುದು ಅಕ್ಷರಗಳ ಸಾಲನ್ನು. ಅಕ್ಷರ ಒಂದೇ ಆದರೆ ವಸ್ತು ಒಂದೇ. ಅಕ್ಷರ ಬೇರೆಯಾದರೆ ವಸ್ತು ಬೇರೆ.

ನಮ್ಮ ಪಟ್ಟಿಯಲ್ಲಿ ಇದು ಹೇಗೆ ಕಾಡಿತು ಅಂತ ಹೇಳುತ್ತೇನೆ. ಪುಣೆಯ ಹಳೆಯ ರಸ್ತೆಗಳ ಬದಿಯಲ್ಲಿ ಛತ್ರಿಯಂತೆ ಹರಡಿ ನಿಲ್ಲುವ ಮಳೆಮರಗಳಿವೆ. ಮೂರು ಬೇರೆ ಬೇರೆ ಕಾಲದ ಪಟ್ಟಿಗಳಲ್ಲಿ ಅದಕ್ಕೆ ಮೂರು ಹೆಸರಿತ್ತು. ಒಂದರಲ್ಲಿ ಸಮಾನಿಯಾ ಸಮಾನ್, ಒಂದರಲ್ಲಿ ಆಲ್ಬಿಜಿಯಾ ಸಮಾನ್, ಇನ್ನೊಂದರಲ್ಲಿ ಪಿಥೆಸೆಲೋಬಿಯಂ ಸಮಾನ್. ಮೂರೂ ಒಂದೇ ಮರ. ಮೂರನ್ನೂ ಸೇರಿಸಿದಾಗ ಕಂಪ್ಯೂಟರ್ ಮೂರು ಜಾತಿ ಎಂದು ಎಣಿಸಿತು. ಅಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಪಟ್ಟಿ ಕೊಟ್ಟವರಲ್ಲಿ ಒಬ್ಬರು "ಹಳೆಯ ಹೆಸರು" ಎಂದು ಕಂಡದ್ದನ್ನೆಲ್ಲ ಮೊದಲೇ ಅಳಿಸಿ ಹೊಸ ಹೆಸರು ತುಂಬಿಬಿಟ್ಟಿದ್ದರು. ಯಾವ ಸಾಲಿನಲ್ಲಿ ಮೂಲದಲ್ಲಿ ಏನಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ. ಅದರಲ್ಲಿ ಬಾಗೆ ಮರವೂ ಮಳೆಮರವೂ ಒಂದಾಗಿ ಹೋಗಿವೆ ಅನ್ನುವುದು ನನ್ನ ಅನುಮಾನ. ಮರಾಠಿಯಲ್ಲಿ ಎರಡಕ್ಕೂ ಶಿರೀಷ ಎಂಬ ಹೆಸರು ಸೇರಿಕೊಳ್ಳುತ್ತದೆ, ಒಂದಕ್ಕೆ ಮುಂದೆ ವಿಲಾಯತಿ ಅಂತ ಹಾಕುತ್ತಾರೆ. ಹಳೆಯ ಕಾಗದ ರದ್ದಿಗೆ ಹೋಗಿದೆ. ಆ ಸಾಲುಗಳನ್ನು ನೋಡಿದಾಗಲೆಲ್ಲ ಈಗಲೂ ಬೇಜಾರಾಗುತ್ತದೆ.

ಇದು ಸುಮ್ನೆ ಹವ್ಯಾಸಿಗಳ ಕಷ್ಟ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ನಗರಗಳಿಗೆ 1975ರ ಮರ ರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಐದು ವರ್ಷಕ್ಕೊಮ್ಮೆ ಮರಗಣತಿ ಆಗಬೇಕು. ಒಂದು ಗಣತಿಯ ಹೆಸರು ಮುಂದಿನ ಗಣತಿಯ ಹೆಸರಿಗೆ ಹೊಂದದಿದ್ದರೆ ಒಂದು ಜಾತಿಯ ಮರ ಹೆಚ್ಚಿತೋ ಕಡಿಮೆಯಾಯಿತೋ ಹೇಗೆ ಹೇಳುವುದು?

ಇದಕ್ಕೆ ವೆಬ್ ಕೊಟ್ಟ ಉತ್ತರದ ಹೆಸರು ಲಿಂಕ್ಡ್ ಡೇಟಾ. ಕೊಂಡಿ ಹಾಕಿದ ಮಾಹಿತಿ ಅನ್ನಬಹುದು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಇದಕ್ಕೆ ನಾಲ್ಕು ನಿಯಮ ಬರೆದರು. ಪ್ರತಿ ವಸ್ತುವಿಗೂ ಒಂದು ವಿಳಾಸ ಕೊಡಿ. ಆ ವಿಳಾಸ ಮಾಮೂಲಿ ವೆಬ್ ವಿಳಾಸವಾಗಿರಲಿ, ಯಾರು ಬೇಕಾದರೂ ತೆರೆಯುವಂತಿರಲಿ. ತೆರೆದಾಗ ಉಪಯೋಗಕ್ಕೆ ಬರುವ ಮಾಹಿತಿ ಸಿಗಲಿ. ಅದರಲ್ಲಿ ಬೇರೆ ವಸ್ತುಗಳ ವಿಳಾಸಕ್ಕೆ ಕೊಂಡಿ ಇರಲಿ. ಮಾಹಿತಿಯನ್ನು ಬರೆಯುವುದು ಮೂರು ತುಂಡಿನ ಪುಟ್ಟ ವಾಕ್ಯಗಳಲ್ಲಿ. "ಈ ಹೆಸರು — ಇದರ ಹಳೆಯ ರೂಪ — ಆ ಹೆಸರು." "ಈ ಹೆಸರು — ಪ್ರಕಟವಾದದ್ದು — ಆ ಲೇಖನದಲ್ಲಿ." ಒಂದೊಂದು ತುಂಡೂ ಒಂದು ವಿಳಾಸ. ಕನ್ನಡ ವ್ಯಾಕರಣದ ಕರ್ತೃ, ಕರ್ಮ, ಕ್ರಿಯೆ ನೆನಪಿದ್ದರೆ ಇದು ಕಷ್ಟವಲ್ಲ.

ಊರಿನಲ್ಲಿ ಜಮೀನು ಇರುವವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ನಮ್ಮ ಕಡೆ ಪಹಣಿ, ಇಲ್ಲಿ ಸಾತ್‌ಬಾರಾ. ಜಮೀನನ್ನು ಗುರುತಿಸುವುದು ಮಾಲೀಕನ ಹೆಸರಿನಿಂದ ಅಲ್ಲ, ಸರ್ವೆ ನಂಬರಿನಿಂದ. ಅಜ್ಜನ ಹೆಸರು ಹೋಗಿ ಮಗನ ಹೆಸರು ಬರುತ್ತದೆ. ಹಾಗೆ ಬದಲಾದಾಗ ಮ್ಯುಟೇಶನ್ ಆಗುತ್ತದೆ, ಇಲ್ಲಿಯವರು ಫೇರ್‌ಫಾರ್ ಎನ್ನುತ್ತಾರೆ. ಯಾವ ವರ್ಷ, ಯಾವ ಆಧಾರದ ಮೇಲೆ ಹೆಸರು ಬದಲಾಯಿತು ಅಂತ ಅದರಲ್ಲಿ ಇರುತ್ತದೆ. ಹಳೆಯ ಹೆಸರನ್ನು ಯಾರೂ ರಬ್ಬರಿನಿಂದ ಉಜ್ಜುವುದಿಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಪೋಡಿ ಆಗುತ್ತದೆ. 45ನೇ ನಂಬರು 45/1, 45/2 ಆಗುತ್ತದೆ. ನಕ್ಷೆಯಲ್ಲಿ ಹೊಸ ಗೆರೆ ಬೀಳುತ್ತದೆ.

ಜೀವಿಗಳ ಹೆಸರಿನಲ್ಲಿ ಇಷ್ಟೆಲ್ಲ ಇರಬೇಕು. ಹೆಸರು ಬೇರೆ, ಆ ಹೆಸರು ಯಾವ ಯಾವ ಜೀವಿಗಳನ್ನು ಒಳಗೊಳ್ಳುತ್ತದೆ ಎಂಬ ಗಡಿ ಬೇರೆ. ಆ ಗಡಿಯನ್ನು ಟ್ಯಾಕ್ಸಾನ್ ಕಾನ್ಸೆಪ್ಟ್ ಎನ್ನುತ್ತಾರೆ. ನಾನು ಗಡಿ ಅಂತಲೇ ಕರೆಯುತ್ತೇನೆ. ಇಡೀ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಇದು. ಹೆಸರಿಗೆ ವಿಳಾಸ ಕೊಟ್ಟು, ಗಡಿಗೂ ಅದೇ ವಿಳಾಸ ಅಂದುಬಿಡುತ್ತೇವೆ.

ಕಾಳಿಂಗ ಸರ್ಪದ ವಿಷಯಕ್ಕೆ ಬರುತ್ತೇನೆ. ಕನ್ನಡಿಗರಾಗಿ ನಾವು ಇದನ್ನು ತಿಳಿದಿರಲೇಬೇಕು. 1836ರಲ್ಲಿ ಕ್ಯಾಂಟರ್ ಎಂಬುವರು ಸುಂದರಬನದ ಕಡೆಯ ಈ ಹಾವನ್ನು ವಿವರಿಸಿ ಹಮಡ್ರಯಾಸ್ ಹನ್ನಾ ಎಂದು ಹೆಸರಿಟ್ಟರು. ಹಮಡ್ರಯಾಸ್ ಅಂತ ಚಿಟ್ಟೆಯೊಂದಕ್ಕೆ ಮೊದಲೇ ಹೆಸರಿತ್ತು. ಪ್ರಾಣಿಗಳಲ್ಲೇ ಎರಡು ಕುಲಕ್ಕೆ ಒಂದೇ ಹೆಸರು ನಡೆಯುವುದಿಲ್ಲ. ಮುಂದೆ ಅದು ಓಫಿಯೋಫೇಗಸ್ ಹನ್ನಾ ಆಯಿತು. ಓಫಿಯೋಫೇಗಸ್ ಅಂದರೆ ಹಾವು ತಿನ್ನುವುದು. ಭಾರತದಿಂದ ಫಿಲಿಪೀನ್ಸ್‌ವರೆಗೆ ಎಲ್ಲ ಕಾಳಿಂಗಗಳೂ ಇದೇ ಒಂದು ಜಾತಿ ಎಂದು ಬಹಳ ಕಾಲ ತಿಳಿದಿದ್ದರು. 2024ರ ಅಕ್ಟೋಬರ್‌ನಲ್ಲಿ ಪಿ. ಗೌರಿಶಂಕರ್ ಮತ್ತು ಜೊತೆಗಾರರು ಇದನ್ನು ನಾಲ್ಕು ಜಾತಿಗಳಾಗಿ ಬಿಡಿಸಿ ಲೇಖನ ಪ್ರಕಟಿಸಿದರು. ಉತ್ತರದ ಕಡೆಯದು ಹನ್ನಾ ಆಗಿಯೇ ಉಳಿಯಿತು. ಮಲಯ, ಇಂಡೊನೇಷ್ಯಾ ಕಡೆಯದು ಬಂಗಾರಸ್. ಫಿಲಿಪೀನ್ಸಿನ ಲುಜಾನ್ ದ್ವೀಪದ್ದು ಸಾಲ್ವಟಾನಾ. ಪಶ್ಚಿಮ ಘಟ್ಟದ್ದು ಓಫಿಯೋಫೇಗಸ್ ಕಾಳಿಂಗ.

ನಮ್ಮ ಅಜ್ಜಿಯರ ಬಾಯಲ್ಲಿದ್ದ ಪದ ಈಗ ವಿಜ್ಞಾನದ ಹೆಸರು. ಅದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಖುಷಿಯ ಬೆನ್ನಿಗೇ ತಲೆಬಿಸಿ ಶುರುವಾಯಿತು.

ಪೋಡಿಯ ಲೆಕ್ಕದಲ್ಲಿ ನೋಡಿ. ದೊಡ್ಡ ಜಮೀನು ನಾಲ್ಕು ಪಾಲಾಯಿತು. ಆದರೆ ಒಂದು ಪಾಲಿಗೆ ಹಳೆಯ ಹೆಸರೇ ಉಳಿಯಿತು. ಈಗ "ಹನ್ನಾ" ಅಂದರೆ ಎರಡು ಅರ್ಥ. 2024ಕ್ಕೆ ಮುಂಚಿನ ಹನ್ನಾ ಅಂದರೆ ಇಡೀ ಜಮೀನು. ಆಮೇಲಿನ ಹನ್ನಾ ಅಂದರೆ ಒಂದು ಪಾಲು. ಅಕ್ಷರ ಒಂದೂ ಬದಲಾಗಿಲ್ಲ, ಗಡಿ ಬದಲಾಗಿದೆ. ಗೋವಾದ ಕಾಡಿನಲ್ಲಿ 2010ರಲ್ಲಿ ಕಂಡ ಹಾವನ್ನು ಯಾರೋ ಹನ್ನಾ ಅಂತ ದಾಖಲಿಸಿದ್ದರೆ ಅದು ಆಗ ಸರಿ. ಈಗ ಅದನ್ನು ಕಾಳಿಂಗ ಎಂದು ಓದಬೇಕು. ಜಾಗದ ಹೆಸರು ಇದ್ದರೆ ಈ ಕೆಲಸ ಆಗುತ್ತದೆ. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ವೆಬ್ ತಾಣ, ಜಾತಿ ಒಡೆದಾಗ ನಕ್ಷೆ ಇಟ್ಟುಕೊಂಡು, ಯಾವ ಪ್ರದೇಶದ ದಾಖಲೆ ಯಾವ ಹೊಸ ಜಾತಿಗೆ ಹೋಗಬೇಕು ಅಂತ ಹಂಚುತ್ತದೆ. ನಿಜವಾದ ಪೋಡಿ ಅದು. ಆದರೆ ಬರೀ "ಭಾರತ" ಅಂತ ಚೀಟಿ ಅಂಟಿಸಿದ ಹಳೆಯ ಬಾಟಲಿಯ ಹಾವನ್ನು ಎಲ್ಲಿ ಹಾಕುವುದು?

ಇನ್ನೊಂದು ಕಡೆಯೂ ಯೋಚಿಸಬೇಕು. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗಳನ್ನು 2022ರಲ್ಲಿ ಪರಿಷ್ಕರಿಸಿದರು. ಆಗ ಕಾಳಿಂಗ ಎಂಬ ವೈಜ್ಞಾನಿಕ ಹೆಸರೇ ಹುಟ್ಟಿರಲಿಲ್ಲ. ಪಟ್ಟಿಯಲ್ಲಿ ಇರುವುದು ಹನ್ನಾ. ಆ ಹನ್ನಾ ಅಂದರೆ ಇಡೀ ಜಮೀನು ಅಂತ ನಾವೆಲ್ಲ ಒಪ್ಪುತ್ತೇವೆ. ಆದರೆ ಹೆಸರಿನ ಅಕ್ಷರ ಹೊಂದಿಸಿ ನೋಡುವ ಕಂಪ್ಯೂಟರ್ ಪಶ್ಚಿಮ ಘಟ್ಟದ ಕಾಳಿಂಗವನ್ನು ಹುಡುಕಿದರೆ "ಪಟ್ಟಿಯಲ್ಲಿ ಇಲ್ಲ" ಎನ್ನುತ್ತದೆ. ಕಾಡಿನ ಹಾವಿಗೆ ಇದರಿಂದ ರಕ್ಷಣೆ ತಪ್ಪಬಾರದು. ಹಾಗಾಗಬಾರದು ಅಂದರೆ "ಈ ಪಟ್ಟಿಯ ಹನ್ನಾ ಅಂದರೆ ಹಳೆಯ ಗಡಿಯ ಹನ್ನಾ" ಎಂಬ ಒಂದು ಕೊಂಡಿ ಎಲ್ಲೋ ಬರೆದಿರಬೇಕು.

ಆ ಕೊಂಡಿಯನ್ನು ಹೇಗೆ ಬರೆಯುತ್ತೀರಿ ಅನ್ನುವುದು ಮುಖ್ಯ. ಲಿಂಕ್ಡ್ ಡೇಟಾದಲ್ಲಿ "ಸೇಮ್ ಆ್ಯಸ್" ಅಂತ ಒಂದು ಸಂಬಂಧ ಇದೆ. ಇದೂ ಅದೂ ಒಂದೇ ಎಂದರ್ಥ. ಬಳಸುವುದು ತುಂಬಾ ಸುಲಭ. ಅದಕ್ಕೇ ಎಲ್ಲರೂ ಬಳಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೆಸರುಗಳ ವಿಷಯದಲ್ಲಿ ಇದರಷ್ಟು ಹಾನಿ ಮಾಡುವುದು ಇನ್ನೊಂದಿಲ್ಲ. ಕಾಳಿಂಗ ಮತ್ತು ಹನ್ನಾ ಒಂದೇ ಅಂತ ಒಮ್ಮೆ ಬರೆದರೆ ಬಂಗಾಳದ ಹಾವಿನ ಮಾಹಿತಿಯೆಲ್ಲ ಆಗುಂಬೆಯ ಹಾವಿಗೆ ಹರಿದು ಬರುತ್ತದೆ, ಇಲ್ಲಿಯದು ಅಲ್ಲಿಗೂ ಹೋಗುತ್ತದೆ. ಗಡಿಗಳ ನಡುವೆ ಇರಬಹುದಾದ ಸಂಬಂಧ ಐದು ಬಗೆ. ಎರಡು ಗಡಿ ಪೂರ್ತಿ ಒಂದೇ ಇರಬಹುದು. ಅದು ಇದರೊಳಗೆ ಇರಬಹುದು. ಇದು ಅದರೊಳಗೆ ಇರಬಹುದು. ಸ್ವಲ್ಪ ಭಾಗ ಮಾತ್ರ ಒಂದರ ಮೇಲೊಂದು ಬರಬಹುದು. ಪೂರ್ತಿ ಬೇರೆಯೇ ಇರಬಹುದು. ಪಕ್ಕಪಕ್ಕದ ಎರಡು ಹೊಲದ ನಕ್ಷೆ ಇಟ್ಟು ನೋಡಿದಂತೆ. ಕಾಳಿಂಗ ಹಳೆಯ ಹನ್ನಾದ ಒಳಗಿದೆ. ಹೊಸ ಹನ್ನಾದಿಂದ ಪೂರ್ತಿ ಬೇರೆ. ಇಷ್ಟು ಹೇಳಿದರೆ ಸಾಕು, ಕಂಪ್ಯೂಟರ್ ಉಳಿದದ್ದನ್ನು ಸರಿಯಾಗಿ ಮಾಡುತ್ತದೆ.

ಮುಂಬೈ ಕಡೆಯದೂ ಒಂದು ಉದಾಹರಣೆ ಇದೆ. ಮಾಟುಂಗಾ ಸುತ್ತಲಿನ ಕರಾವಳಿ ಮನೆಗಳಲ್ಲಿ ಮಾಂಜಿ ಅನ್ನುವ ಮೀನು ಮಾರುಕಟ್ಟೆಯಲ್ಲಿ ಪಾಪ್ಲೆಟ್. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಬಿಳಿ ಪಾಪ್ಲೆಟ್ಟನ್ನು ರಾಜ್ಯದ ಮೀನು ಎಂದು ಘೋಷಿಸಿತು. ದಶಕಗಳಿಂದ ಇದರ ವೈಜ್ಞಾನಿಕ ಹೆಸರು ಪಾಂಪಸ್ ಅರ್ಜೆಂಟಿಯಸ್ ಅಂತಲೇ ಬರೆಯುತ್ತಿದ್ದರು. 2019ರಲ್ಲಿ ಭಾರತದ ಮೀನುವಿಜ್ಞಾನಿಗಳು ನಮ್ಮ ಕಡಲಿನದು ಅದಲ್ಲ, ಪಾಂಪಸ್ ಕ್ಯಾಂಡಿಡಸ್ ಎಂದು ತೋರಿಸಿದರು. ಕ್ಯಾಂಡಿಡಸ್ ಹೊಸ ಹೆಸರೂ ಅಲ್ಲ. ಸುಮಾರು ಇನ್ನೂರು ವರ್ಷ ಹಿಂದೆ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೆ ಇಟ್ಟು, ಆಮೇಲೆ ಮೂಲೆಗೆ ಬಿದ್ದಿದ್ದ ಹೆಸರು. ಅದನ್ನು ಯಾರೋ ಅಳಿಸದೆ ಉಳಿಸಿದ್ದರಿಂದ ಮತ್ತೆ ಎತ್ತಿಕೊಳ್ಳಲು ಆಯಿತು. ಹಳೆಯ ಹೆಸರನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಕೇಳುವವರಿಗೆ ನಾನು ಈ ಮೀನನ್ನು ತೋರಿಸುತ್ತೇನೆ.

ಹಾಗಾದರೆ ಈ ವಿಳಾಸಗಳು ಈಗಾಗಲೇ ಇಲ್ಲವೇ? ಇವೆ, ಬೇಕಾದಷ್ಟಿವೆ. ಗಿಡಗಳ ಹೆಸರಿಗೆ ಲಂಡನ್ನಿನ ಕ್ಯೂ ತೋಟ, ಹಾರ್ವರ್ಡ್ ಮತ್ತು ಆಸ್ಟ್ರೇಲಿಯಾದ ಸಸ್ಯಾಗಾರ ಸೇರಿ ನಡೆಸುವ ಐಪಿಎನ್‌ಐ ಇದೆ. ಪ್ರಾಣಿಗಳ ಹೆಸರಿಗೆ ಜೂಬ್ಯಾಂಕ್ ಇದೆ. 2012ರಿಂದ ಬರೀ ಇಂಟರ್ನೆಟ್ಟಿನಲ್ಲಿ ಹೊಸ ಪ್ರಾಣಿಯ ಹೆಸರು ಪ್ರಕಟಿಸಬೇಕಾದರೆ ಅಲ್ಲಿ ನೋಂದಣಿ ಕಡ್ಡಾಯ. 2001ರಲ್ಲಿ ಶುರುವಾದ ಜಿಬಿಐಎಫ್ ಕೋಪನ್‌ಹೇಗನ್‌ನಿಂದ ನಡೆಯುತ್ತದೆ. ಎಲ್ಲಿ ಯಾವ ಜೀವಿ ಕಂಡಿತು ಎಂಬ 200 ಕೋಟಿಗೂ ಹೆಚ್ಚು ದಾಖಲೆ ಅದರಲ್ಲಿವೆ. ನಮ್ಮ ಪುಣೆಯೂ ಹಿಂದೆ ಬಿದ್ದಿರಲಿಲ್ಲ. ಇಲ್ಲಿನ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ಭಾರತದ ಪ್ರಾಣಿಗಳ ಹೆಸರುಗಳ ಇಂಡ್‌ಫೌನಾ ಎಂಬ ಎಲೆಕ್ಟ್ರಾನಿಕ್ ಪಟ್ಟಿಯನ್ನು ಬಹಳ ಮುಂಚೆಯೇ ಮಾಡಿದ್ದರು.

ತೊಂದರೆ ಇರುವುದು ವಿಳಾಸ ಉಳಿಸಿಕೊಳ್ಳುವುದರಲ್ಲಿ. 2000ರ ದಶಕದಲ್ಲಿ ಎಲ್‌ಎಸ್‌ಐಡಿ ಎಂಬ ವಿಶೇಷ ಗುರುತನ್ನು ತಂದರು. ಯಾವ ಸಂಸ್ಥೆಯ ಸರ್ವರ್ ಬದಲಾದರೂ ಗುರುತು ಬದಲಾಗಬಾರದು ಎಂಬ ಒಳ್ಳೆಯ ಆಸೆಯಿಂದ ಮಾಡಿದ್ದು. ಆದರೆ ಅದನ್ನು ಮಾಮೂಲಿ ಬ್ರೌಸರಿನಲ್ಲಿ ಹಾಕಿದರೆ ಏನೂ ತೆರೆಯುವುದಿಲ್ಲ. ಬೇರೆಯೇ ತಂತ್ರಾಂಶ ಬೇಕು. ಬರ್ನರ್ಸ್-ಲೀ ಅವರ ಎರಡನೇ ನಿಯಮವನ್ನು ಮುರಿದಂತಾಯಿತು. ಬಳಸುವವರು ಕಡಿಮೆಯಾದರು, ನಡೆಸುವವರಿಗೂ ಉತ್ಸಾಹ ಉಳಿಯಲಿಲ್ಲ. ಐಪಿಎನ್‌ಐ ಈಗ ಅದೇ ಗುರುತನ್ನು ಮಾಮೂಲಿ ವೆಬ್ ವಿಳಾಸದ ಒಳಗೆ ಇಟ್ಟು ಕೊಡುತ್ತದೆ. ಹಳೆಯದನ್ನು ಬಿಸಾಡದೆ, ಎಲ್ಲರ ಬಾಗಿಲಿಗೆ ತಂದ ಹಾಗಾಯಿತು. ನನಗೆ ಆ ದಾರಿ ಹಿಡಿಸಿತು. ಮೂರು ವರ್ಷದ ಯೋಜನೆಯ ಹಣದಲ್ಲಿ ವೆಬ್‌ಸೈಟ್ ಮಾಡಿ, ಹಣ ಮುಗಿದಾಗ ಬಾಗಿಲು ಹಾಕಿದರೆ ಅಲ್ಲಿದ್ದ ವಿಳಾಸಗಳೆಲ್ಲ ಸತ್ತ ಫೋನ್ ನಂಬರುಗಳಾಗುತ್ತವೆ. ಹೊಸ ಪಟ್ಟಿ ಮಾಡಲು ಹಣ ಸಿಗುತ್ತದೆ. ಇದ್ದ ಪಟ್ಟಿಗೆ ದೀಪ ಹಚ್ಚಿಡಲು ಸಿಗುವುದಿಲ್ಲ.

ಈಗ ಸಾಮಾನ್ಯ ಜನರಿಗೂ ಕೈಗೆಟುಕುವ ಕೂಡುದಾರಿ ಅಂದರೆ ವಿಕಿಡೇಟಾ. 2012ರಲ್ಲಿ ಶುರುವಾಯಿತು. ಅಲ್ಲಿ ಸಿಂಹದ ಗುರುತು ಕ್ಯೂ140. ಪ್ಯಾಂಥೆರಾ ಲಿಯೋ ಅನ್ನಿ, ಸಿಂಹ ಅನ್ನಿ, ಬೇರೆ ಯಾವ ಭಾಷೆಯಲ್ಲಾದರೂ ಅನ್ನಿ, ಗುರುತು ಅದೇ. ಅದೇ ಪುಟದಲ್ಲಿ ಜಿಬಿಐಎಫ್ ಮತ್ತು ಇತರ ಪಟ್ಟಿಗಳ ನಂಬರುಗಳಿಗೆ ಕೊಂಡಿ ಇರುತ್ತದೆ. ಬಸ್ ಸ್ಟ್ಯಾಂಡಿನಂತೆ, ಎಲ್ಲಿಂದ ಎಲ್ಲಿಗೆ ಬೇಕಾದರೂ ಇಲ್ಲಿ ಇಳಿದು ಹತ್ತಬಹುದು. ಆದರೆ ನಾನು ಮೊದಲು ಹೇಳಿದ ತಪ್ಪು ಇಲ್ಲೂ ಇದೆ. ಹೆಸರೂ ಗಡಿಯೂ ಒಂದೇ ಪುಟದಲ್ಲಿ ಬೆರೆತಿವೆ. ಕೆಲವು ಕಡೆ ಹಳೆಯ ಹೆಸರಿಗೂ ಬೇರೆ ಪುಟ ಇದೆ, ಕೆಲವು ಕಡೆ ಇಲ್ಲ. ಜಿಬಿಐಎಫ್ ಬಳಸುವ ಡಾರ್ವಿನ್ ಕೋರ್ ಎಂಬ ಮಾದರಿಯಲ್ಲಿ "ಯಾರ ಪ್ರಕಾರ ಈ ಹೆಸರು" ಎಂಬ ಕಾಲಂ ಇದೆ. ಗಡಿಯನ್ನು ಹೇಳಲು ಇರುವ ಸರಳ ದಾರಿ ಅದು. ನಮ್ಮ ಕೈಗೆ ಬಂದ ಪಟ್ಟಿಗಳಲ್ಲಿ ಆ ಕಾಲಂ ತುಂಬಿದ್ದನ್ನು ನಾನು ನೋಡಿಯೇ ಇಲ್ಲ. ದಯವಿಟ್ಟು ತುಂಬಿ. ಯಾವ ಪುಸ್ತಕ ನೋಡಿ ಗುರುತಿಸಿದಿರಿ ಅಂತ ಒಂದು ಸಾಲು ಬರೆದರೂ ಮುಂದಿನವರಿಗೆ ದೊಡ್ಡ ಉಪಕಾರ.

ಕನ್ನಡದಲ್ಲಿ ಬರೆಯುವ ನಮಗೆ ಇದರ ಅಗತ್ಯ ಇನ್ನೂ ಜಾಸ್ತಿ. ಲ್ಯಾಟಿನ್ ಹೆಸರನ್ನು ಕನ್ನಡ ಲಿಪಿಗೆ ತರುವಾಗ ಒಬ್ಬರು ಅಕೇಶಿಯಾ ಎನ್ನುತ್ತಾರೆ, ಒಬ್ಬರು ಅಕೇಸಿಯ, ಮತ್ತೊಬ್ಬರು ಅಕಾಸಿಯಾ. ಅಕ್ಷರ ಹೊಂದಿಸಿ ಹುಡುಕಿದರೆ ಮೂವರ ಬರಹವೂ ಒಂದಕ್ಕೊಂದು ಸಿಗುವುದಿಲ್ಲ. ಹೆಸರಿನ ಹಿಂದೆ ಒಂದು ಗುರುತಿನ ಕೊಂಡಿ ಇಟ್ಟರೆ ಹೇಗೆ ಬರೆದರೂ ಚಿಂತೆಯಿಲ್ಲ.

ಅದಕ್ಕಿಂತ ದೊಡ್ಡದು ನಮ್ಮ ಊರಿನ ಹೆಸರುಗಳು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿ, ನಗರಸಭೆಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಈ ಆಲೋಚನೆಯನ್ನು 1990ರ ದಶಕದಲ್ಲೇ ಬೆಳೆಸಿದವರಲ್ಲಿ ಮುಖ್ಯರು ಪುಣೆಯವರೇ ಆದ ಪರಿಸರವಿಜ್ಞಾನಿ ಮಾಧವ ಗಾಡ್ಗೀಳ್. ಆ ದಾಖಲೆಯಲ್ಲಿ ಸ್ಥಳೀಯ ಹೆಸರಿಗೊಂದು ಕಾಲಂ, ವೈಜ್ಞಾನಿಕ ಹೆಸರಿಗೊಂದು ಕಾಲಂ. ಜನ ಹೇಳುವುದು ಮೊದಲನೆಯದನ್ನು. ಎರಡನೆಯದನ್ನು ಯಾರೋ ಆಮೇಲೆ ಕೂತು ತುಂಬುತ್ತಾರೆ. ಅವರ ಊಹೆ ತಪ್ಪಿದರೆ ಜನ ಹೇಳಿದ ಔಷಧಿ, ಅಡುಗೆ, ಹಬ್ಬ ಎಲ್ಲವೂ ಬೇರೆ ಗಿಡದ ಖಾತೆಗೆ ಹೋಗುತ್ತವೆ. ಬನ್ನಿ ಅಂತ ಹೇಳಿದ್ದಕ್ಕೆ ಯಾವ ಬನ್ನಿ ಬರೆದರು?

ಗೋವಾಕ್ಕೆ ಹೋದಾಗಲೆಲ್ಲ ನನಗೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿನ ಪೇಟೆಯಲ್ಲಿ ಭಿರಂಡ ಅಂದರೆ ಹಣ್ಣು. ಅದರದೇ ಒಣಗಿಸಿದ ಸಿಪ್ಪೆ ಸೋಲಾಂ. ಮರಾಠಿಯಲ್ಲಿ ಸಿಪ್ಪೆಗೆ ಆಮ್ಸೂಲ್, ಹಣ್ಣಿಗೆ ಕೋಕಂ. ನಮ್ಮ ಶಿರಸಿಯಲ್ಲಿ ಮುರುಗಲು. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ. ಎಲ್ಲವೂ ಗಾರ್ಸೀನಿಯಾ ಇಂಡಿಕಾ. ಇದೇ ಕುಲದ ಉಪ್ಪಾಗೆ ಮಾತ್ರ ಬೇರೆ, ಗಾರ್ಸೀನಿಯಾ ಗಮ್ಮಿ-ಗಟ್ಟಾ. ಔಷಧಿ ಅಂಗಡಿಯ ತೂಕ ಇಳಿಸುವ ಮಾತ್ರೆಯ ಮೇಲೆ ಅದರ ಹಳೆಯ ಹೆಸರು ಕ್ಯಾಂಬೋಜಿಯಾ ಅಂತಲೇ ಇರುತ್ತದೆ. ಡಾರ್ವಿನ್ ಕೋರ್ ಜೊತೆ ಬಳಸುವ ಜನಬಳಕೆಯ ಹೆಸರುಗಳ ಪಟ್ಟಿಯಲ್ಲಿ ಭಾಷೆಗೆ ಕಾಲಂ ಇದೆ, ಊರಿಗೆ ಇದೆ, ಆ ಹೆಸರು ಜೀವಿಯ ಯಾವ ಭಾಗಕ್ಕೆ ಸೇರಿದ್ದು ಅಂತ ಬರೆಯಲೂ ಒಂದು ಕಾಲಂ ಇದೆ. ಸೋಲಾಂ ಎಂಬ ಒಂದು ಪದಕ್ಕಾಗಿಯೇ ಯಾರೋ ಅದನ್ನು ಇಟ್ಟಂತೆ ನನಗೆ ಅನ್ನಿಸಿತು.

ಇಲ್ಲಿ ಒಂದು ಬೇಡಿಕೆ ಇದೆ. ಕನ್ನಡ ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಲ್ಯಾಟಿನ್ ಹೆಸರಿನ ಅರ್ಥ ತೆಗೆದು, ಇಂಗ್ಲಿಷ್ ಹೆಸರನ್ನು ಪದಕ್ಕೆ ಪದ ಬದಲಿಸಿ "ಕನ್ನಡ ಹೆಸರು" ಅಂತ ಹಾಕಬೇಡಿ. ಯಾರ ಬಾಯಲ್ಲೂ ಇಲ್ಲದ ಪದ ಒಮ್ಮೆ ವಿಕಿಡೇಟಾಕ್ಕೆ ಹೋದರೆ ಅಲ್ಲಿಂದ ನೂರು ಕಡೆ ಹೋಗುತ್ತದೆ. ಮುಂದೆ ಅದೇ ನಿಜವಾದ ಹೆಸರು ಅಂತ ಮಕ್ಕಳು ಓದುತ್ತಾರೆ. ಮುರುಗಲು ಮರೆತುಹೋಗುತ್ತದೆ.

ಕಳೆದ ದಸರೆಯಲ್ಲಿ ಕಾಕೂ ಎಲೆ ಕೊಟ್ಟಾಗ ನಾನು ಕೇಳಿದೆ. ಊರಲ್ಲಿ ಬನ್ನಿ ಮುಡಿಯಲು ಹೋಗುತ್ತಿದ್ದದ್ದು ಯಾವ ಮರಕ್ಕೆ ಅಂತ.

"ಊರ ಹೊರಗ ಸೀಮಿ ಮ್ಯಾಲ ಇತ್ರೀ. ಮುಳ್ಳಿಂದು. ಇದಲ್ಲ. ಇಲ್ಲಿ ಅದು ಸಿಗೂದಿಲ್ಲಂತ ಇದಕ್ಕೂ ಬನ್ನಿ ಅಂತೇವಿ."

ಅವತ್ತು ರಾತ್ರಿ ನಮ್ಮ ಪಟ್ಟಿಗೆ ಎರಡು ಸಾಲು ಸೇರಿಸಿದೆ. ಮೊದಲನೆಯದು: ಬನ್ನಿ, ಕನ್ನಡ, ವಿಜಯಪುರ ಜಿಲ್ಲೆ, ಪ್ರೊಸಾಪಿಸ್ ಸಿನರೇರಿಯಾ, ಗುರುತಿನ ಕೊಂಡಿ, ಹೇಳಿದವರು ಊರಿನ ಹಿರಿಯರು, ಮರವನ್ನು ನಾನು ನೋಡಿಲ್ಲ. ಎರಡನೆಯದು: ಬನ್ನಿ, ಕನ್ನಡ, ಪುಣೆಯ ಕೋಥ್ರೂಡ್, ಬೌಹಿನಿಯಾ ರೆಸಿಮೋಸಾ, ಗುರುತಿನ ಕೊಂಡಿ, ಹೇಳಿದವರು ಅವರೇ, ಭಾಗ ಎಲೆ, ಬಳಕೆ ದಸರೆ, ಎಲೆಯನ್ನು ನಾನು ನೋಡಿದ್ದೇನೆ.